ತಂತ್ರಾಂಶದ ಉದ್ಯೋಗ ಮತ್ತು ಉತ್ತರ ಕರ್ನಾಟಕದ ಅಭ್ಯುದಯ

ಒಂದು ಸೀಮೆಯ ಸಂಪತ್ತನ್ನು ಎಣಿಸುವಾಗ ಅಲ್ಲಿಯ ಮಣ್ಣು, ಮಳೆ, ಗಣಿ, ಗಿರಣಿಗಳನ್ನು ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಅಲ್ಲಿಯ ವಿದ್ಯಾವಂತ ತರುಣರನ್ನು ಆ ಲೆಕ್ಕದಲ್ಲಿ ಸೇರಿಸುವವರು ವಿರಳ. ಎರೆಮಣ್ಣಿನ ಉತ್ತರ ಕರ್ನಾಟಕವು ಹತ್ತಿ, ಜೋಳ, ಮೆಣಸಿನಕಾಯಿಗಳನ್ನು ಬೆಳೆಯುತ್ತ ಬಂದಂತೆಯೇ ಕಳೆದ ಒಂದು ನೂರು ವರುಷಗಳಿಂದ ವಿದ್ಯೆಯ ಫಸಲನ್ನೂ ತೆಗೆಯುತ್ತ ಬಂದಿದೆ. 1916ರಲ್ಲಿ ಸಪ್ತರ್ಷಿಗಳೆಂದು ಖ್ಯಾತರಾದ ಏಳು ಮಂದಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದರು. 1947ರಲ್ಲಿ ಹುಬ್ಬಳ್ಳಿಯ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು, 1958ರಲ್ಲಿ ಕಲಬುರ್ಗಿಯ ಎಂಜಿನಿಯರಿಂಗ್ ಕಾಲೇಜು, 1963ರಲ್ಲಿ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ತಲೆಯೆತ್ತಿದವು. ಇವುಗಳ ಹಿಂದೆ, ಇವುಗಳಿಗೂ ಮೊದಲು, ಊರೂರಿನಲ್ಲಿ ಉಚಿತ ಪ್ರಸಾದ ನಿಲಯಗಳಿದ್ದವು. ರೈತರು ಕಣದಿಂದಲೇ ಎತ್ತಿಕೊಟ್ಟ ಜೋಳದ ಚೀಲ, ಪೇಟೆಯ ವ್ಯಾಪಾರಿಗಳು ತೆಗೆದಿರಿಸಿದ ಧರ್ಮಾದಾಯದ ಹಣ, ಶಿಕ್ಷಕರು ಅಲ್ಪ ಸಂಬಳಕ್ಕೆ ಸವೆಸಿದ ಆಯುಷ್ಯ, ಇವೇ ಆ ವಿದ್ಯಾಸೌಧದ ಅಡಿಗಲ್ಲುಗಳು.

ಹೀಗೆ ಬೆಳೆದ ಫಸಲು ಎಲ್ಲಿಗೆ ಹೋಯಿತು ಎಂಬುದು ಇಂದು ವಿಚಾರಿಸಬೇಕಾದ ಪ್ರಶ್ನೆ. ಪದವಿಯ ಪ್ರಮಾಣಪತ್ರ ಕೈಗೆ ಬಂದ ವಾರದಲ್ಲಿಯೇ ತರುಣನು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಏರಿ ಬೆಂಗಳೂರಿನ ಹಾದಿ ಹಿಡಿಯುತ್ತಾನೆ. ಮೊದಲ ಕೆಲವು ತಿಂಗಳು ಮನೆಗೆ ಹಣ ಬರುತ್ತದೆ; ಮುಂದೆ ಅಲ್ಲಿಯೇ ಸಂಸಾರ, ಮಕ್ಕಳ ಶಾಲೆ, ಮನೆಸಾಲಗಳ ಕಂತು. ಇತ್ತ ಊರಿನಲ್ಲಿ ವೃದ್ಧ ತಂದೆತಾಯಿಗಳು, ಬೀಗ ಜಡಿದ ಪಡಸಾಲೆ, ಕೋರಿಗೆ ಕೊಟ್ಟ ಹೊಲ. ಹೋದವನಲ್ಲಿ ತಪ್ಪು ಹುಡುಕುವುದು ಅನ್ಯಾಯ. ವಿದ್ಯೆಗಾಗಿ, ಅನ್ನಕ್ಕಾಗಿ ದೇಶಾಂತರ ಹೋಗುವುದು ಮನುಷ್ಯನಿಗೆ ಹೊಸತಲ್ಲ. ಹೋಗುವ ದಾರಿಯೊಂದೇ ಇದ್ದು, ಬರುವ ದಾರಿ ಇಲ್ಲದಿರುವುದೇ ಇಲ್ಲಿಯ ದೋಷ. ತಂತ್ರಾಂಶದ ಉದ್ಯೋಗವು, ಅದರಲ್ಲಿಯೂ ದೂರದಲ್ಲಿದ್ದುಕೊಂಡೇ ಮಾಡಬಹುದಾದ ಕೆಲಸವು, ಆ ಬರುವ ದಾರಿಯನ್ನು ತೆರೆಯಬಲ್ಲುದೇ? ತೆರೆದರೆ, ಆ ದಾರಿಯನ್ನು ಸವರುವವರು ಯಾರು?

ಅಸಮತೋಲನದ ಲೆಕ್ಕ

ಪ್ರಾದೇಶಿಕ ಅಸಮತೋಲನದ ಮಾತು ಬರಿಯ ಭಾವಾವೇಶದ ಮಾತಲ್ಲ. ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ರಾಜ್ಯ ಸರ್ಕಾರವು 2000ದಲ್ಲಿ ನೇಮಿಸಿದ ಸಮಿತಿಯು 2002ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವು ಎಂದು ಅದು ಗುರುತಿಸಿತು. ಅವುಗಳ ಪೈಕಿ 39 ತಾಲೂಕುಗಳು ಅತ್ಯಂತ ಹಿಂದುಳಿದವು. ಈ 39ರಲ್ಲಿ 26 ಉತ್ತರ ಕರ್ನಾಟಕಕ್ಕೆ ಸೇರಿದವು. ಅನಂತರದ ಎರಡು ದಶಕಗಳಲ್ಲಿ ರಸ್ತೆ, ನೀರಾವರಿ, ಶಾಲೆ, ಆಸ್ಪತ್ರೆಗಳ ಸ್ಥಿತಿ ಅಷ್ಟಿಷ್ಟು ಸುಧಾರಿಸಿರುವುದು ನಿಜ. ಆದರೆ ಇದೇ ಅವಧಿಯಲ್ಲಿ ರಾಜ್ಯದ ಅತ್ಯಂತ ಲಾಭದಾಯಕ ಉದ್ಯಮವಾಗಿ ಬೆಳೆದ ತಂತ್ರಾಂಶವು ಬಹುಮಟ್ಟಿಗೆ ಒಂದೇ ನಗರದ ಸುತ್ತ ನೆಲೆಯೂರಿತು. ದೇಶದ ತಂತ್ರಾಂಶ ರಫ್ತಿನಲ್ಲಿ ಕರ್ನಾಟಕದ್ದು ಸಿಂಹಪಾಲು. ಆ ಸಿಂಹಪಾಲಿನಲ್ಲಿ ಬಹುಭಾಗ ಬೆಂಗಳೂರಿನದು.

ಇದರಿಂದ ಉಭಯತ್ರರಿಗೂ ಹಾನಿ. ಬೆಂಗಳೂರು ನೀರಿಗೆ ಕೊರಗುತ್ತದೆ, ಬೀದಿಗಳಲ್ಲಿ ತಾಸುಗಟ್ಟಲೆ ನಿಲ್ಲುತ್ತದೆ. ಅಲ್ಲಿಯ ತರುಣನ ಸಂಬಳದ ಗಣನೀಯ ಭಾಗ ಮನೆಬಾಡಿಗೆಗೆ ಸಂದುಹೋಗುತ್ತದೆ. ಇತ್ತ ಗದಗ, ಹಾವೇರಿ, ವಿಜಯಪುರ, ರಾಯಚೂರುಗಳು ತಮ್ಮ ಹಣದಲ್ಲಿ ಓದಿಸಿದ ಮಕ್ಕಳನ್ನು ಕಳಿಸಿಕೊಟ್ಟು ಸುಮ್ಮನೆ ಕೂರುತ್ತವೆ. ವಿದ್ಯೆಯ ಖರ್ಚು ಒಂದು ಊರಿನದು, ವಿದ್ಯೆಯ ಲಾಭ ಇನ್ನೊಂದು ಊರಿನದು ಎಂಬ ವ್ಯವಹಾರ ಎಷ್ಟು ದಿನ ನಡೆದೀತು?

ಬೆಂಗಳೂರು ಕಲಿಸುವ ಪಾಠ

ಬೆಂಗಳೂರು ಹೇಗೆ ಬೆಳೆಯಿತೆಂಬುದನ್ನು ಸರಿಯಾಗಿ ಅರಿತುಕೊಳ್ಳದೆ ಇತರ ಊರುಗಳು ಬೆಂಗಳೂರಾಗಲು ಹೊರಡುವುದು ವ್ಯರ್ಥ. ಅಲ್ಲಿ ಮೊದಲು ಬಂದದ್ದು ಗಾಜಿನ ಕಟ್ಟಡಗಳಲ್ಲ. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. 1940ರಲ್ಲಿ ವಿಮಾನ ಕಾರಖಾನೆ, 1948ರಲ್ಲಿ ದೂರವಾಣಿ ಕಾರಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಬಂದವು. ಈ ಸಂಸ್ಥೆಗಳಲ್ಲಿ ಒಂದು ತಲೆಮಾರಿನ ತಂತ್ರಜ್ಞರು ಕೈ ಪಳಗಿಸಿಕೊಂಡು ಕಿರಿಯರನ್ನು ತಯಾರು ಮಾಡಿದರು. 1970ರ ದಶಕದಲ್ಲಿ ಕಿಯೋನಿಕ್ಸ್ ಸಂಸ್ಥೆಯ ಮೂಲಕ ಆರ್. ಕೆ. ಬಾಳಿಗರು ನಗರದ ಹೊರಗೆ 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯ ಕನಸನ್ನು ಬಿತ್ತಿದಾಗ, ಆ ಕನಸನ್ನು ನನಸಾಗಿಸಬಲ್ಲ ಪಳಗಿದ ಕೈಗಳು ಆ ಊರಿನಲ್ಲಿ ಆಗಲೇ ಇದ್ದವು.

ಇನ್ನೊಂದು ಸಂಗತಿ ಇದಕ್ಕಿಂತಲೂ ಗಮನಾರ್ಹ. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆದು, ಉಪಗ್ರಹದ ಮೂಲಕ ತಾಯಿಸಂಸ್ಥೆಯೊಡನೆ ಸಂಪರ್ಕ ಸಾಧಿಸಿತು. 1991ರಲ್ಲಿ ಭಾರತೀಯ ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕುಗಳ ಸಂಸ್ಥೆ ಸ್ಥಾಪನೆಯಾಗಿ, ಅಂಥ ಸಂಪರ್ಕವು ಸಣ್ಣ ಸಂಸ್ಥೆಗಳ ಕೈಗೂ ಎಟಕುವಂತಾಯಿತು. ಕೆಲಸ ಕೊಡುವವರು ಸಾಗರದಾಚೆ, ಕೆಲಸ ಮಾಡುವವರು ಇಲ್ಲಿ. ಎಂದರೆ, ದೂರದಿಂದ ಮಾಡುವ ಕೆಲಸವೆಂಬುದು 2020ರಲ್ಲಿ ಹುಟ್ಟಿದ ಕೂಸಲ್ಲ. ಬೆಂಗಳೂರಿನ ಸಕಲ ತಂತ್ರಾಂಶ ವೈಭವವೂ ಆರಂಭದಿಂದಲೂ ದೂರದ ಕೆಲಸವೇ ಆಗಿದೆ. ಹಾಗಿರುವಲ್ಲಿ ಸಪ್ತಸಾಗರಗಳನ್ನು ದಾಟಿ ಬಂದ ಕೆಲಸವು ಬೆಂಗಳೂರಿನಿಂದ ಕೇವಲ ನಾಲ್ಕು ನೂರು ಕಿಲೋಮೀಟರುಗಳ ಆಚೆಗಿನ ಹುಬ್ಬಳ್ಳಿಗೆ ಬರಲು ಏಕೆ ತಡವರಿಸಿತು? ತಂತಿ ಇಲ್ಲದ್ದರಿಂದಲ್ಲ, ಕಟ್ಟಡ ಇಲ್ಲದ್ದರಿಂದಲ್ಲ. ಕಿರಿಯನ ಪಕ್ಕದಲ್ಲಿ ಕುಳಿತು, ಮಾಡಿದ ಕೆಲಸದ ತಪ್ಪು ತೋರಿಸಿ, ತಿದ್ದಿಸುವ ಹಿರಿಯನಿಲ್ಲದ್ದರಿಂದ.

ಕಟ್ಟಡಗಳೂ ಕೈಗಳೂ

ಹುಬ್ಬಳ್ಳಿ–ಧಾರವಾಡದ ಇತ್ತೀಚಿನ ಇತಿಹಾಸ ಈ ಮಾತಿಗೆ ಸಾಕ್ಷಿ. ಈ ಶತಮಾನದ ಆರಂಭದಲ್ಲಿಯೇ ಹುಬ್ಬಳ್ಳಿಯಲ್ಲಿ ಐ.ಟಿ. ಪಾರ್ಕ್ ಎದ್ದು ನಿಂತಿತು. ತಂತ್ರಾಂಶ ರಫ್ತಿಗೆ ಬೇಕಾದ ಸರ್ಕಾರಿ ಕೇಂದ್ರವೂ ಬಂದಿತು. 2015ರಲ್ಲಿ ಧಾರವಾಡಕ್ಕೆ ಐಐಐಟಿ, 2016ರಲ್ಲಿ ಐಐಟಿ ದೊರೆತವು. 2018ರಲ್ಲಿ ದೇಶಪಾಂಡೆ ಪ್ರತಿಷ್ಠಾನವು ಹೊಸ ಉದ್ಯಮಗಳನ್ನು ಸಾಕಿ ಬೆಳೆಸುವ ದೊಡ್ಡ ಕೇಂದ್ರವೊಂದನ್ನು ತೆರೆಯಿತು. 2022ರಲ್ಲಿ ಇನ್ಫೋಸಿಸ್ ತನ್ನ ಹುಬ್ಬಳ್ಳಿಯ ಕೇಂದ್ರವನ್ನು ಆರಂಭಿಸಿತು. ರಾಜ್ಯ ಸರ್ಕಾರವು ಬೆಂಗಳೂರಿನ ಆಚೆಗೆ ಉದ್ಯಮವನ್ನು ಒಯ್ಯಲು ಡಿಜಿಟಲ್ ಅರ್ಥವ್ಯವಸ್ಥೆಯ ಅಭಿಯಾನವೊಂದನ್ನು ಸ್ಥಾಪಿಸಿ, ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿ, ಕಲಬುರ್ಗಿಗಳತ್ತ ಗಮನ ಹರಿಸಿದೆ. ಇವೆಲ್ಲ ಸ್ವಾಗತಾರ್ಹ. ಆದರೂ ಕಟ್ಟಡ ಬಂದಷ್ಟು ವೇಗವಾಗಿ ಕೆಲಸ ಬರಲಿಲ್ಲವೆಂಬುದನ್ನು ಈ ಭಾಗದ ಯಾವ ಪಾಲಕನೂ ಅಲ್ಲಗಳೆಯಲಾರ.

ಅದೇ ಊರಿನಲ್ಲಿ ಇನ್ನೊಂದು ಬಗೆಯ ಉದಾಹರಣೆಯೂ ಉಂಟು. 2005ರಲ್ಲಿ ಹುಬ್ಬಳ್ಳಿಯಲ್ಲಿ ಸಂಕಲ್ಪ ಸೆಮಿಕಂಡಕ್ಟರ್ ಎಂಬ ಸಂಸ್ಥೆ ಹುಟ್ಟಿತು. ವಿದ್ಯುನ್ಮಾನ ಚಿಪ್ಪುಗಳ ವಿನ್ಯಾಸವೆಂಬುದು ತಂತ್ರಾಂಶಕ್ಕಿಂತಲೂ ಕಠಿಣವಾದ, ವರುಷಗಟ್ಟಲೆ ಪಕ್ಕದಲ್ಲಿದ್ದು ಕಲಿಯಬೇಕಾದ ವಿದ್ಯೆ. ಸುತ್ತಲಿನ ಕಾಲೇಜುಗಳ ಹುಡುಗ ಹುಡುಗಿಯರನ್ನೇ ಆರಿಸಿ, ಪಳಗಿಸಿ, ಆ ಸಂಸ್ಥೆಯು ದೇಶವಿದೇಶದ ಕಂಪನಿಗಳಿಗೆ ವಿನ್ಯಾಸ ಮಾಡಿಕೊಟ್ಟಿತು. 2019ರಲ್ಲಿ ಎಚ್.ಸಿ.ಎಲ್. ಸಂಸ್ಥೆಯು ಅದನ್ನು ಕೊಂಡುಕೊಂಡಿತು. ಕರಾವಳಿಯ ಉಡುಪಿಯಲ್ಲಿ ರೋಹಿತ್ ಭಟ್ ಅವರು 1996ರಲ್ಲಿ ಆರಂಭಿಸಿದ ರೋಬೋಸಾಫ್ಟ್ ಸಂಸ್ಥೆಯ ಕಥೆಯೂ ಇದಕ್ಕೆ ಸಮೀಪದ್ದು. ಹೊರದೇಶದ ಗಿರಾಕಿಗಳಿಗಾಗಿ ಸಣ್ಣ ಊರಿನಲ್ಲಿ ಕುಳಿತು ತಂತ್ರಾಂಶ ರಚಿಸಿದ ಆ ಸಂಸ್ಥೆಯನ್ನು 2021ರಲ್ಲಿ ಜಪಾನಿನ ಟೆಕ್ನೋಪ್ರೊ ಸಂಸ್ಥೆಯು 805 ಕೋಟಿ ರೂಪಾಯಿಗಳಿಗೆ ಕೊಳ್ಳಲು ಮುಂದಾಯಿತು. ತಮಿಳುನಾಡಿನ ತೆಂಕಾಸಿಯ ಸಮೀಪದ ಮತ್ತಳಂಪಾರೈ ಎಂಬ ಹಳ್ಳಿಯಲ್ಲಿ ಜೋಹೋ ಸಂಸ್ಥೆಯು 2011ರಲ್ಲಿ ಕೆಲವೇ ಜನರೊಡನೆ ಕಚೇರಿ ತೆರೆದು ಅದನ್ನು ಬೆಳೆಸಿತು. ಕಾಲೇಜಿನ ಮೆಟ್ಟಿಲು ಹತ್ತದ ಮಕ್ಕಳನ್ನೂ ಆರಿಸಿ, ಭತ್ಯೆ ಕೊಟ್ಟು, ಎರಡು ವರುಷ ಕಲಿಸಿ, ಕೆಲಸಕ್ಕೆ ತೆಗೆದುಕೊಳ್ಳುವ ಶಾಲೆಯನ್ನು ಅದು ನಡೆಸುತ್ತದೆ.

ಈ ಮೂರರಲ್ಲಿಯೂ ಸಮಾನವಾದ ಅಂಶವನ್ನು ಗುರುತಿಸುವುದು ಕಷ್ಟವಲ್ಲ. ಮೂರು ಕಡೆಯೂ ಕೆಲಸ ಬಲ್ಲ ಕೆಲವರು ಮೊದಲು ಬಂದು ನೆಲಸಿದರು; ಅವರ ಸುತ್ತ ಕಿರಿಯರು ಬೆಳೆದರು; ಕಟ್ಟಡ ಆಮೇಲೆ ದೊಡ್ಡದಾಯಿತು. ಬೀಜ ಬಿತ್ತದೆ ಬೇಲಿ ಕಟ್ಟಿದ ಹೊಲದಲ್ಲಿ ಬೇಲಿಯೇ ಬೆಳೆ.

ಒಂದು ಸಂಬಳ ಊರಿಗೆ ಏನು ಕೊಡುತ್ತದೆ?

ಊರಿನ ಆರ್ಥಿಕ ವ್ಯವಹಾರಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಹೊರಗಿನಿಂದ ಊರಿಗೆ ಹಣ ತರುವ ಉದ್ಯೋಗ ಒಂದು; ಬಂದ ಹಣವನ್ನು ಊರೊಳಗೆ ಸುತ್ತಿಸುವ ಉದ್ಯೋಗ ಇನ್ನೊಂದು. ಬ್ಯಾಡಗಿಯ ಮೆಣಸಿನಕಾಯಿ, ಇಳಕಲ್ಲಿನ ಸೀರೆ, ಬೆಳಗಾವಿಯ ಎರಕದ ಕಾರಖಾನೆಗಳು ಮೊದಲನೆಯ ಬಗೆಯವು. ಕಿರಾಣಿ ಅಂಗಡಿ, ಖಾನಾವಳಿ, ಹೊಲಿಗೆಯವರು, ಗೌಂಡಿಗಳು, ಖಾಸಗಿ ಪಾಠ ಹೇಳುವವರು ಎರಡನೆಯ ಬಗೆಯವರು. ಮೊದಲನೆಯದು ಸೊರಗಿದರೆ ಎರಡನೆಯದು ತಾನಾಗಿ ಬಾಡುತ್ತದೆ. ಮಳೆ ಹೋದ ವರುಷ ಪೇಟೆಯೇ ಮೌನವಾಗುವುದನ್ನು ಈ ಸೀಮೆಯವರು ಬಲ್ಲರು. ತಂತ್ರಾಂಶದ ಕೆಲಸವು ಮೊದಲನೆಯ ಬಗೆಗೆ ಸೇರಿದ್ದು. ಅದು ಹೊರಗಿನ ಹಣವನ್ನು ತರುತ್ತದೆ, ಮಳೆಯನ್ನು ನಂಬಿರುವುದಿಲ್ಲ, ಲಾರಿ, ಗೋದಾಮು, ದಲಾಲರನ್ನು ಬೇಡುವುದಿಲ್ಲ. ಅಮೆರಿಕದ ನಗರಗಳನ್ನು ಅಭ್ಯಸಿಸಿದ ಅರ್ಥಶಾಸ್ತ್ರಜ್ಞ ಎನ್ರಿಕೊ ಮೊರೆಟ್ಟಿಯವರು, ಉನ್ನತ ತಂತ್ರಜ್ಞಾನದ ಒಂದು ಉದ್ಯೋಗವು ಕಾಲಕ್ರಮದಲ್ಲಿ ಅದೇ ನಗರದಲ್ಲಿ ಇತರ ಐದು ಉದ್ಯೋಗಗಳಿಗೆ ಆಸರೆಯಾಗುತ್ತದೆಂದು 2012ರ ತಮ್ಮ ಗ್ರಂಥದಲ್ಲಿ ಅಂದಾಜು ಮಾಡಿದ್ದಾರೆ. ಅಲ್ಲಿಯ ಅಂಕಿಯನ್ನು ಇಲ್ಲಿಗೆ ಹಾಗೆಯೇ ಎತ್ತಿ ತರುವುದು ಸಲ್ಲ. ಆದರೆ ಅದರ ಹಿಂದಿನ ತತ್ತ್ವ ಎಲ್ಲ ಊರಿಗೂ ಒಂದೇ.

ಹಾಗೆಂದು ಸಂಬಳ ಬಂದೊಡನೆ ಊರು ಉದ್ಧಾರವಾಯಿತೆಂದು ತಿಳಿಯಬಾರದು. ಸಂಬಳದ ಹಣ ಅಂತರ್ಜಾಲದ ಅಂಗಡಿಗಳ ಮೂಲಕ ಬಂದ ದಾರಿಯಲ್ಲಿಯೇ ಹೊರಗೆ ಹರಿದುಹೋಗಬಹುದು. ಊರಿನಲ್ಲಿ ನಿವೇಶನದ ಬೆಲೆ ಏರಿಸುವುದರಲ್ಲಿಯೇ ಮುಗಿಯಬಹುದು. ಊರಿಗೆ ನಿಜವಾಗಿ ದಕ್ಕಬೇಕಾದದ್ದು ಸಂಬಳಕ್ಕಿಂತ ಮಿಗಿಲಾದ ಇನ್ನೊಂದು ವಸ್ತು: ಕೆಲಸದ ಅರಿವು. ಒಬ್ಬನಿಂದ ಇನ್ನೊಬ್ಬನಿಗೆ ದಾಟಿದಾಗ ಮಾತ್ರ ಅದು ಊರಿನ ಆಸ್ತಿಯಾಗುತ್ತದೆ.

ಮನೆಯ ಮೂಲೆಯ ಕೆಲಸ

2020ರ ಮಾರ್ಚಿನಲ್ಲಿ ಕೋವಿಡ್ ಪಿಡುಗಿನಿಂದ ದೇಶವೇ ಬಾಗಿಲಿಕ್ಕಿದಾಗ ಸಾವಿರಾರು ತರುಣರು ತಂತಮ್ಮ ಊರುಗಳಿಗೆ ಮರಳಿದರು. ಅಟ್ಟದ ಮೇಲೆ, ಪಡಸಾಲೆಯ ಮೂಲೆಯಲ್ಲಿ, ತೋಟದ ಮನೆಯಲ್ಲಿ ಗಣಕಯಂತ್ರಗಳು ತೆರೆದುಕೊಂಡವು. ಕೇಂದ್ರ ದೂರಸಂಪರ್ಕ ಇಲಾಖೆಯು ಅದೇ ವರುಷದ ನವೆಂಬರಿನಲ್ಲಿ, ಮರಳಿ 2021ರ ಜೂನಿನಲ್ಲಿ, ಹೊರಗಿನವರಿಗೆ ಸೇವೆ ಒದಗಿಸುವ ಸಂಸ್ಥೆಗಳ ಮೇಲಿನ ನಿಯಮಗಳನ್ನು ಸಡಿಲಿಸಿತು. ಮನೆಯಿಂದ ಅಥವಾ ದೇಶದ ಯಾವುದೇ ಮೂಲೆಯಿಂದ ಕೆಲಸ ಮಾಡಿಸಲು ಇದ್ದ ಕಾನೂನಿನ ತೊಡಕುಗಳು ಬಹುಪಾಲು ನೀಗಿದವು. ಗ್ರಾಮ ಪಂಚಾಯಿತಿಗಳಿಗೆ ಬೆಳಕಿನ ತಂತಿ ಎಳೆಯುವ ಕೇಂದ್ರ ಯೋಜನೆಗೆ 2011ರಲ್ಲಿಯೇ ಒಪ್ಪಿಗೆ ದೊರೆತಿತ್ತು; ಇಂದು ಅದರ ಹೆಸರು ಭಾರತ್‌ನೆಟ್. ಊರಿನಲ್ಲಿದ್ದುಕೊಂಡೇ ಮಹಾನಗರದ ಕೆಲಸ ಮಾಡಬಹುದೆಂಬುದು ವಾದದ ವಿಷಯವಾಗಿ ಉಳಿಯಲಿಲ್ಲ. ಮಾಡಿ ತೋರಿಸಿದ ವಿಷಯವಾಯಿತು.

ಆದರೆ ಆ ಹಬ್ಬ ಬಹುಕಾಲ ನಡೆಯಲಿಲ್ಲ. ಪಿಡುಗು ತಗ್ಗಿದ ಮೇಲೆ, 2023ರ ಹೊತ್ತಿಗೆ, ಹಲವು ದೊಡ್ಡ ಸಂಸ್ಥೆಗಳು ನೌಕರರನ್ನು ಕಚೇರಿಗೆ ಕರೆಸಿಕೊಂಡವು. ಊರಿಗೆ ಬಂದವರಲ್ಲಿ ಹೆಚ್ಚಿನವರು ಬಂದ ಹಾದಿಯಲ್ಲಿಯೇ ಹಿಂದಿರುಗಿದರು. ಎರಡು ವರುಷ ಊರಿನಲ್ಲಿದ್ದರೂ ಅವರು ಊರಿಗೆ ಬಿಟ್ಟುಹೋದದ್ದು ಕಡಿಮೆ. ಕಾರಣ ಸ್ಪಷ್ಟ: ಪ್ರತಿಯೊಬ್ಬನೂ ತನ್ನ ಕೋಣೆಯ ಬಾಗಿಲು ಮುಚ್ಚಿಕೊಂಡು ದುಡಿದನು. ಎದುರು ಮನೆಯ ಹುಡುಗನಿಗೆ ಅವನು ಮಾಡುವ ಕೆಲಸವೇನೆಂಬುದು ಗೊತ್ತಾಗಲಿಲ್ಲ. ಊರಿನ ಕಾಲೇಜಿನ ಅಧ್ಯಾಪಕರಿಗೆ ಅವನ ಪರಿಚಯವಾಗಲಿಲ್ಲ.

ಇದರಲ್ಲಿ ಕಲಿಯಬೇಕಾದ ಸೂಕ್ಷ್ಮವೊಂದಿದೆ. ಹತ್ತು ಹನ್ನೆರಡು ವರುಷ ಪಳಗಿದ ತಂತ್ರಜ್ಞನಿಗೆ ದೂರದ ಕೆಲಸ ವರವಾಗಬಹುದು. ಅವನಿಗೆ ದಾರಿ ತೋರುವವರು ಬೇಕಾಗಿಲ್ಲ. ಈಗತಾನೇ ಪದವಿ ಪಡೆದವನಿಗೆ ಅದೇ ಕೆಲಸ ಶಾಪವೂ ಆಗಬಹುದು. ಏಕೆಂದರೆ ಅವನು ಕಲಿಯಬೇಕಾದದ್ದು ಪುಸ್ತಕದಲ್ಲಿಲ್ಲ, ಹಿರಿಯನ ಪಕ್ಕದಲ್ಲಿದೆ. ಆದುದರಿಂದ ಹಿರಿಯರಿಗೆ ದೂರದ ಕೆಲಸ, ಕಿರಿಯರಿಗೆ ಸ್ಥಳೀಯ ಕೆಲಸ, ಇಬ್ಬರಿಗೂ ಒಂದೇ ಸೂರು: ಇದೇ ಈ ಸೀಮೆಗೆ ಒಪ್ಪುವ ಕ್ರಮ. ದೂರದ ಸಂಬಳದ ಮೇಲೆ ಊರಿಗೆ ಮರಳಿದ ಆರೇಳು ಜನ ಹಿರಿಯ ತಂತ್ರಜ್ಞರು ಒಂದೇ ಸ್ಥಳದಲ್ಲಿ ಕೂತರೆ, ಕಾಲಕ್ರಮದಲ್ಲಿ ಅವರಲ್ಲೊಬ್ಬರಾದರೂ ಸ್ವಂತ ಸಂಸ್ಥೆ ತೆರೆಯುವ ಧೈರ್ಯ ಮಾಡುತ್ತಾರೆ. ಆ ಸಂಸ್ಥೆಗೆ ಬೇಕಾದ ಕಿರಿಯರು ಪಕ್ಕದಲ್ಲಿಯೇ ಸಿದ್ಧರಾಗಿರುತ್ತಾರೆ. ಹೀಗೆ ದೂರದ ಕೆಲಸವು ಸ್ಥಳೀಯ ಉದ್ಯಮಕ್ಕೆ ಸೇತುವೆಯಾಗುತ್ತದೆ. ಸೇತುವೆಯನ್ನೇ ಊರೆಂದು ತಿಳಿದು ಅದರ ಮೇಲೆ ಮನೆ ಕಟ್ಟಬಾರದು; ದಾಟುವುದಕ್ಕೆ ಬಳಸಬೇಕು.

ಕೆಲವು ಆಕ್ಷೇಪಗಳು

ಈ ವಿಚಾರಕ್ಕೆ ಬರಬಹುದಾದ ಆಕ್ಷೇಪಗಳನ್ನು ಮುಚ್ಚಿಡುವುದು ಸಲ್ಲದು. ಸಣ್ಣ ಊರಿನ ತರುಣನು ಕಡಿಮೆ ಸಂಬಳಕ್ಕೆ ದುಡಿಯುವುದರಿಂದ ಕೆಲಸ ಅವನನ್ನು ಹುಡುಕಿಕೊಂಡು ಬರುತ್ತದೆಂದು ಕೆಲವರು ಸಮಾಧಾನ ಹೇಳುತ್ತಾರೆ. ಈ ವಾದ ಎಂದೂ ಗೌರವದ್ದಾಗಿರಲಿಲ್ಲ. ಈಗ ಲಾಭದ್ದೂ ಅಲ್ಲ. 2008–09ರ ಸುಮಾರಿಗೆ ಬಾಗೇಪಲ್ಲಿಯಂಥ ತಾಲೂಕು ಕೇಂದ್ರಗಳಲ್ಲಿ ಅರ್ಜಿ, ವಿಮೆ, ಲೆಕ್ಕಪತ್ರಗಳ ದತ್ತಾಂಶ ತುಂಬುವ ಗ್ರಾಮೀಣ ಕೇಂದ್ರಗಳು ಆರಂಭವಾದಾಗ ಹಳ್ಳಿಯ ಮಕ್ಕಳಿಗೆ, ವಿಶೇಷತಃ ಹೆಣ್ಣುಮಕ್ಕಳಿಗೆ, ಮೊದಲ ಸಂಬಳದ ಭಾಗ್ಯ ದೊರೆಯಿತು. ಅದು ಸಣ್ಣ ಮಾತಲ್ಲ. ಆದರೆ ಆ ಕೆಲಸಕ್ಕೆ ಮೇಲಿನ ಮೆಟ್ಟಿಲುಗಳು ಕಡಿಮೆ. 2022ರ ಕೊನೆಯಿಂದೀಚೆಗೆ ಪ್ರಸಾರಕ್ಕೆ ಬಂದ ಕೃತಕ ಬುದ್ಧಿಮತ್ತೆಯ ಸಾಧನಗಳು ಅಂಥ ಯಾಂತ್ರಿಕ ಕೆಲಸವನ್ನೂ, ಸರಳವಾದ ತಂತ್ರಾಂಶ ಬರೆಯುವ ಕೆಲಸವನ್ನೂ ಕ್ಷಣಾರ್ಧದಲ್ಲಿ ಮಾಡಿಕೊಡತೊಡಗಿವೆ. ಅಗ್ಗದ ಕೈಗಿಂತ ಅಗ್ಗವಾದ ಯಂತ್ರ ಬಂದಿರುವಾಗ ಅಗ್ಗತನವನ್ನೇ ನೆಚ್ಚಿದ ಊರಿಗೆ ಉಳಿಗಾಲವಿಲ್ಲ. ಯಾವ ಕೆಲಸ ಮಾಡಬೇಕು, ಏಕೆ ಮಾಡಬೇಕು, ಯಂತ್ರ ಕೊಟ್ಟ ಉತ್ತರ ಸರಿಯೇ ತಪ್ಪೇ ಎಂದು ನಿರ್ಣಯಿಸಬಲ್ಲ ಬುದ್ಧಿಗೆ ಮಾತ್ರ ಬೆಲೆ. ಆ ಬುದ್ಧಿಯೂ ಹಿರಿಯರ ಸಾನ್ನಿಧ್ಯದಲ್ಲಿಯೇ ಬಲಿಯುತ್ತದೆ.

ಒಕ್ಕಲುತನದ ನಾಡಿಗೆ ಗಣಕಯಂತ್ರದ ಗೊಡವೆ ಏಕೆಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರವನ್ನು ಒಕ್ಕಲುತನವೇ ಕೊಟ್ಟಿದೆ. 2000ದ ಸುಮಾರಿಗೆ ‘ಭೂಮಿ’ ಯೋಜನೆಯು ರಾಜ್ಯದ ಪಹಣಿ ಪತ್ರಿಕೆಗಳನ್ನು ಗಣಕಕ್ಕೆ ಏರಿಸಿದಾಗ, ಒಂದು ಉತಾರಕ್ಕಾಗಿ ತಲಾಠಿಯ ಮನೆಗೆ ಅಲೆಯುತ್ತಿದ್ದ ರೈತನ ಅಲೆದಾಟ ತಗ್ಗಿತು. 2014ರಲ್ಲಿ ಕೃಷಿ ಮಾರುಕಟ್ಟೆಗಳನ್ನು ಒಂದೇ ಜಾಲಕ್ಕೆ ತರುವ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾಗಿ, ಹರಾಜಿನ ಕೂಗು ಗಣಕದ ಪರದೆಗೆ ಬಂದಿತು. ಬೆಳಗಾವಿಯ ಎರಕದ ಮನೆಗಳು, ಅದರ ಸಮೀಪದ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಕಾರಖಾನೆಗಳು, ಸಕ್ಕರೆ ಕಾರಖಾನೆಗಳು, ರಾಣೆಬೆನ್ನೂರಿನ ಬೀಜೋದ್ಯಮ, ಇಳಕಲ್ಲು ಗುಳೇದಗುಡ್ಡಗಳ ನೇಕಾರಿಕೆ: ಇವುಗಳಲ್ಲಿ ತಂತ್ರಾಂಶ ಬಿಡಿಸಬಲ್ಲ ತೊಡಕುಗಳು ಎಷ್ಟೋ ಇವೆ. ಆ ತೊಡಕುಗಳನ್ನು ಬೆಂಗಳೂರಿನ ಗಾಜಿನ ಮನೆಯಲ್ಲಿ ಕುಳಿತವನಿಗಿಂತ, ತಂದೆಯೊಡನೆ ಅಡತಿ ಅಂಗಡಿಯಲ್ಲಿ ತೂಕದ ಚೀಟಿ ಬರೆದವನು ಚೆನ್ನಾಗಿ ಬಲ್ಲನು. ಹೊರಗಿನ ಕೆಲಸದಲ್ಲಿ ಕಲಿತ ವಿದ್ಯೆಯನ್ನು ಒಳಗಿನ ತೊಡಕಿಗೆ ಹಚ್ಚಿದಾಗಲೇ ಸೀಮೆಗೆ ತನ್ನದೇ ಆದ ಉದ್ಯಮ ಹುಟ್ಟುತ್ತದೆ.

ಹೆಣ್ಣುಮಕ್ಕಳ ವಿಚಾರವು ಪ್ರತ್ಯೇಕವಾಗಿ ಚಿಂತಿಸತಕ್ಕದ್ದು. ಗಂಡುಮಕ್ಕಳಿಗೆ ಸರಿಮಿಗಿಲಾಗಿ ಎಂಜಿನಿಯರಿಂಗ್ ಓದಿದ ಎಷ್ಟೋ ಹೆಣ್ಣುಮಕ್ಕಳು ಮದುವೆಯಾದೊಡನೆ, ಇಲ್ಲವೆ ಮೊದಲ ಮಗುವಾದೊಡನೆ, ಕೆಲಸ ಬಿಟ್ಟು ಗಂಡನ ಊರು ಸೇರುತ್ತಾರೆ. ಓದಿಸಿದ ಶಾಲೆಯ ಶ್ರಮ, ಓದಿದ ಆಕೆಯ ಶ್ರಮ ಎರಡೂ ಪೆಟ್ಟಿಗೆ ಸೇರುತ್ತವೆ. ದೂರದ ಕೆಲಸ ಇವರಿಗೆ ಮರಳಿ ದುಡಿಮೆಯ ಬಾಗಿಲು ತೆರೆಯಬಲ್ಲುದು. ಆದರೆ ಅದು ಅವರನ್ನು ಮನೆಯಲ್ಲಿಯೇ ಕೂರಿಸುವ ನೆವವಾಗಬಾರದು. ಒಂದು ಕೈಯಲ್ಲಿ ಒಲೆ, ಇನ್ನೊಂದು ಕೈಯಲ್ಲಿ ಗಣಕ ಎಂಬ ಇಮ್ಮಡಿ ದುಡಿಮೆಯಾಗಬಾರದು. ಊರಿನ ನಡುವೆ ಗೌರವದ, ಸುರಕ್ಷಿತವಾದ ಒಂದು ಕೆಲಸದ ಮನೆ, ಅದರ ಮಗ್ಗುಲಲ್ಲಿ ಒಂದು ಶಿಶುವಿಹಾರ ಇದ್ದರೆ ಆ ಹೆಣ್ಣುಮಕ್ಕಳು ಹತ್ತು ಜನರಿಗೆ ಕಲಿಸುವ ಹಿರಿಯರಾಗಬಲ್ಲರು.

ಕರ್ತವ್ಯದ ಹಂಚಿಕೆ

ಸರ್ಕಾರ ಮಾಡಬೇಕಾದದ್ದನ್ನು ಸರ್ಕಾರ ಮಾಡಲಿ. ಅಖಂಡ ವಿದ್ಯುತ್ತು, ಕಡಿಯದ ತಂತಿ, ಒಳ್ಳೆಯ ರೈಲು ಅದರ ಹೊಣೆ. ಭೂಮಿ ಪಡೆಯುವ ಸಂಸ್ಥೆಗಳಿಂದ ಎಕರೆಗಿಷ್ಟು ಉದ್ಯೋಗವೆಂಬ ವಚನವನ್ನು ಬರೆಸಿಕೊಳ್ಳುವುದೂ, ಆ ವಚನ ನಡೆಯಿತೇ ಎಂದು ವರುಷ ವರುಷ ಜನರ ಮುಂದೆ ಲೆಕ್ಕವಿಡುವುದೂ ಅದರ ಕರ್ತವ್ಯ. ಆದರೆ ಹಿರಿಯನನ್ನು ಕಿರಿಯನ ಪಕ್ಕದಲ್ಲಿ ಕೂರಿಸುವ ಕೆಲಸ ಯಾವ ಆದೇಶದಿಂದಲೂ ಆಗುವಂಥದಲ್ಲ. ಅದು ವಿದ್ಯಾಸಂಸ್ಥೆಗಳಿಂದ, ಅವುಗಳ ಹಳೆಯ ವಿದ್ಯಾರ್ಥಿಗಳಿಂದ, ಅವುಗಳನ್ನು ಪೋಷಿಸಿದ ದಾನಿಗಳಿಂದ ಮಾತ್ರ ಸಾಧ್ಯ.

ಶಿಕ್ಷಕರ ಪಾತ್ರ ಇಲ್ಲಿ ಮೊದಲನೆಯದು. ದೂರದಲ್ಲಿದ್ದು ದುಡಿಯುವವನಿಗೆ ಬರವಣಿಗೆಯೇ ಮುಖ, ಬರವಣಿಗೆಯೇ ನಾಲಗೆ. ಇಂದು ಏನು ಮಾಡಿದೆ, ಎಲ್ಲಿ ತೊಡಕಾಯಿತು, ನಾಳೆ ಏನು ಮಾಡುವೆ ಎಂಬುದನ್ನು ಹತ್ತು ಸಾಲುಗಳಲ್ಲಿ ಸ್ವಚ್ಛವಾಗಿ ಬರೆಯಲಾರದವನನ್ನು ದೂರದ ಒಡೆಯನು ನಂಬಲಾರನು. ಈ ಶಕ್ತಿಯನ್ನು ಕಲಿಸಲು ಗಣಕಯಂತ್ರವೇ ಬೇಕಿಲ್ಲ. ವಿಜ್ಞಾನದ ಪ್ರಯೋಗದ ವರದಿ, ಶಾಲೆಯ ತೋಟದ ದಿನಚರಿ, ಪ್ರವಾಸದ ಖರ್ಚಿನ ಪಟ್ಟಿ ಇವುಗಳನ್ನು ಮೊದಲು ಕನ್ನಡದಲ್ಲಿ, ಮುಂದೆ ಇಂಗ್ಲಿಷಿನಲ್ಲಿ, ಮಕ್ಕಳಿಂದ ಬರೆಯಿಸಿ ತಿದ್ದುವ ಶಿಕ್ಷಕನೇ ತಂತ್ರಾಂಶದ ಮೊದಲ ಗುರು. ತರ್ಕವನ್ನು ತಾಯ್ನುಡಿಯಲ್ಲಿ ಅರಗಿಸಿಕೊಂಡ ಮಗು ಯಾವ ಯಂತ್ರಭಾಷೆಗೂ ಅಂಜುವುದಿಲ್ಲ. ಇಂಗ್ಲಿಷ್ ಅನಿವಾರ್ಯವೆಂಬುದು ನಿಜ. ಆದರೆ ಇಂಗ್ಲಿಷಿನ ಭಯದಿಂದ ಗಣಿತದ ಜಾಣ ಮಕ್ಕಳು ಹಿಂದೆ ಸರಿಯುವಂತಾದರೆ ಆ ನಷ್ಟ ಶಾಲೆಯದೇ.

ಹಳೆಯ ವಿದ್ಯಾರ್ಥಿಗಳಿಂದ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಸಮಯ. ಬೆಂಗಳೂರಿನಲ್ಲಿಯೋ, ಪುಣೆಯಲ್ಲಿಯೋ, ಅಮೆರಿಕದಲ್ಲಿಯೋ ಇರುವ ತಂತ್ರಜ್ಞನು ವಾರಕ್ಕೆ ಎರಡು ತಾಸು ತನ್ನ ಶಾಲೆಯ ಇಬ್ಬರು ತರುಣರ ಕೆಲಸವನ್ನು ತಿದ್ದಿಕೊಡಬಹುದು. ಒಡೆಯರ ಒಪ್ಪಿಗೆ ದೊರೆಯುವವನು ವರುಷಕ್ಕೆ ಮೂರು ತಿಂಗಳಾದರೂ ಊರಿನಲ್ಲಿದ್ದು ದುಡಿಯಬಹುದು. ಹಾಗೆ ಬಂದಾಗ ಮನೆಯ ಕೋಣೆಯಲ್ಲಿ ಕೂರದೆ ಹತ್ತು ಜನರ ನಡುವೆ ಕೂರಬಹುದು. ಪೂರ್ಣವಾಗಿ ಮರಳಲು ಮನಸ್ಸುಳ್ಳವರು ಒಬ್ಬೊಬ್ಬರಾಗಿ ಬಾರದೆ ನಾಲ್ವರು ಕೂಡಿ ಬಂದರೆ, ಒಬ್ಬನ ನೌಕರಿ ಅಲುಗಿದರೂ ಉಳಿದವರ ಆಸರೆ ಇರುತ್ತದೆ.

ದಾನಿಗ‍ಳ ಔದಾರ್ಯವು ಈ ಸೀಮೆಯಲ್ಲಿ ಎಂದೂ ಬತ್ತಿಲ್ಲ. ಆದರೆ ಆ ಔದಾರ್ಯ ಬಹುತೇಕ ಕಲ್ಲು, ಗಾರೆಗಳ ರೂಪವನ್ನೇ ತಾಳುತ್ತ ಬಂದಿದೆ. ಒಬ್ಬ ತರುಣನಿಗೆ ತಿಂಗಳಿಗೆ 15,000 ರೂಪಾಯಿಗಳಂತೆ ಒಂದು ವರುಷ ಕಲಿಕೆಯ ಭತ್ಯೆ ಕೊಟ್ಟರೆ ಆಗುವ ವೆಚ್ಚ 1,80,000 ರೂಪಾಯಿ. ಹತ್ತು ಜನರಿಗೆ 18 ಲಕ್ಷ. ಹೊಸ ಕೊಠಡಿಗಳನ್ನು ಕಟ್ಟಿಸಬಲ್ಲ ದಾನಿಗೆ ಇದು ಮೀರಿದ ಮೊತ್ತವಲ್ಲ. ಸಂಜೆಯ ಹೊತ್ತು, ರಜೆಯ ದಿನ ಬರಿದಾಗಿರುವ ಶಾಲೆಯ ಕೊಠಡಿಯನ್ನೇ ಕೆಲಸದ ಮನೆಯಾಗಿಸಬಹುದು. ಅದಕ್ಕೆ ಬೇಕಾದದ್ದು ಒಳ್ಳೆಯ ತಂತಿ, ವಿದ್ಯುತ್ತು ಹೋದಾಗ ನಡೆಯುವ ಬ್ಯಾಟರಿ, ಹತ್ತು ಮೇಜು. ಹಿಂದಿನ ಹಿರಿಯರು ಪ್ರಸಾದ ನಿಲಯಗಳನ್ನು ತೆರೆದಾಗ ಮಾಡಿದ್ದೂ ಇದನ್ನೇ. ಅನ್ನದ ಚಿಂತೆಯಿಲ್ಲದೆ ಓದಲಿ ಎಂದು ಊಟ ಹಾಕಿದರು. ಸಂಬಳದ ಅವಸರವಿಲ್ಲದೆ ಕೆಲಸ ಕಲಿಯಲಿ ಎಂದು ಭತ್ಯೆ ಕೊಡುವುದು ಆ ದಾಸೋಹದ ಇಂದಿನ ರೂಪ.

ಇದರಿಂದ ಹುಬ್ಬಳ್ಳಿ ನಾಳೆಯೇ ಬೆಂಗಳೂರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಗದಗಿನಲ್ಲಿ ಇಪ್ಪತ್ತು, ಬಾಗಲಕೋಟೆಯಲ್ಲಿ ಮೂವತ್ತು, ವಿಜಯಪುರದಲ್ಲಿ ನಲವತ್ತು ಪಳಗಿದ ತಂತ್ರಜ್ಞರು ನೆಲೆನಿಂತರೆ ಅದು ಪತ್ರಿಕೆಯ ಮುಖಪುಟದ ಸುದ್ದಿಯಾಗಲಾರದು. ಆದರೆ ಹತ್ತು ವರುಷಗಳಲ್ಲಿ ಆ ಊರುಗಳ ತರುಣರಿಗೆ ಹೋಗುವುದೋ ಇರುವುದೋ ಎಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ದೊರೆಯುತ್ತದೆ. ಇಂದು ಅವರಿಗಿಲ್ಲದಿರುವುದು ಆ ಸ್ವಾತಂತ್ರ್ಯವೇ. ಅನ್ನವಿಕ್ಕಿ ಅಕ್ಷರ ಕಲಿಸಿದ ಹಿರಿಯರು ತಮ್ಮ ಕಾಲದ ಕೆಲಸವನ್ನು ಮಾಡಿ ಮುಗಿಸಿದರು. ಕಲಿತ ಅಕ್ಷರವು ಕಲಿಸಿದ ಊರಿಗೂ ಅನ್ನವಾಗುವಂತೆ ಮಾಡುವ ಕೆಲಸ ಈ ತಲೆಮಾರಿನ ಶಿಕ್ಷಕರಿಗೆ, ಹಳೆಯ ವಿದ್ಯಾರ್ಥಿಗಳಿಗೆ, ದಾನಿಗಳಿಗೆ ಉಳಿದಿದೆ. ಅದನ್ನು ಮುಂದಿನ ತಲೆಮಾರಿಗೆ ದಾಟಿಸುವಷ್ಟು ವ್ಯವಧಾನ ಕಾಲಕ್ಕಿಲ್ಲ.